ಗೀತಸಂಪುಟದಿಂದ ಗೀತನಾಟಕಕ್ಕೆ

ರಾಕ್ ತಂಡವೊಂದು ಧ್ವನಿಮುದ್ರಿಸಿ ಹೊರತಂದ ಹಾಡುಗಳ ಸಂಪುಟವನ್ನು ಪಾತ್ರಗಳೂ ಕಥೆಯೂ ಉಳ್ಳ ಗೀತನಾಟಕವನ್ನಾಗಿ ರಂಗಕ್ಕೆ ತರುವ ಪದ್ಧತಿ ಪಶ್ಚಿಮದಲ್ಲಿ ಬಲಗೊಂಡದ್ದು ಕಳೆದ ಶತಮಾನದ ಉತ್ತರಾರ್ಧದಲ್ಲಿ. ‘ದಿ ಹೂ’ ತಂಡದ 1969ರ ‘ಟಾಮಿ’ 1993ರಲ್ಲಿ ಬ್ರಾಡ್‌ವೇ ರಂಗವನ್ನೇರಿತು. ‘ಗ್ರೀನ್ ಡೇ’ ತಂಡದ 2004ರ ‘ಅಮೆರಿಕನ್ ಈಡಿಯಟ್’ 2009ರಲ್ಲಿ ಬರ್ಕ್‌ಲಿಯಲ್ಲಿಯೂ ಮರುವರ್ಷ ಬ್ರಾಡ್‌ವೇಯಲ್ಲಿಯೂ ಪ್ರಯೋಗಗೊಂಡಿತು. ಇಂಥ ಕಾರ್ಯದಲ್ಲಿ ಎದುರಾಗುವ ಕಷ್ಟ ಒಂದೇ: ಹಾಡಿನಲ್ಲಿ ಭಾವವು ತುಂಬಿರುತ್ತದೆ, ಆದರೆ ಒಂದು ಹಾಡಿನಿಂದ ಮತ್ತೊಂದಕ್ಕೆ ಪಾತ್ರವು ಸಾಗಿದ ದಾರಿಯನ್ನು ಕೇಳುಗನ ಕಲ್ಪನೆಗೆ ಬಿಟ್ಟಿರುತ್ತದೆ, ರಂಗವಾದರೋ ಆ ದಾರಿಯನ್ನೇ ಬೇಡುತ್ತದೆ.

ಈ ಕಷ್ಟವನ್ನು ನಮ್ಮ ಕರಾವಳಿಯ ಯಕ್ಷಗಾನವು ಶತಮಾನಗಳ ಹಿಂದೆಯೇ ಬಗೆಹರಿಸಿಕೊಂಡಿತ್ತು. ಕಾರ್ಕಳ ಸೀಮೆಯ ನಂದಳಿಕೆಯ ಮುದ್ದಣನು ‘ರತ್ನಾವತೀ ಕಲ್ಯಾಣ’, ‘ಕುಮಾರ ವಿಜಯ’ಗಳನ್ನು ಬರೆದಾಗ ಅವನು ಕೊಟ್ಟದ್ದು ಮುಖ್ಯವಾಗಿ ಹಾಡುವ ಪದ್ಯಗಳನ್ನು. ಭಾಗವತರು ಪದ್ಯವನ್ನೆತ್ತಿದ ಮೇಲೆ ಅದರ ಅರ್ಥವನ್ನು ಆಶುವಾಗಿ ಬೆಳೆಸಿ, ಮುಂದಿನ ಪದ್ಯಕ್ಕೆ ಕಥೆಯನ್ನು ಕೊಂಡೊಯ್ಯುವ ಭಾರವೆಲ್ಲ ವೇಷಧಾರಿಯದು; ಇದನ್ನೇ ಅರ್ಥಗಾರಿಕೆ ಎನ್ನುವುದು. ಹಾಡು ಸ್ಥಿರ, ಮಾತು ಚರ. ಆದುದರಿಂದಲೇ ಒಂದೇ ಪ್ರಸಂಗವು ರಾತ್ರಿ ರಾತ್ರಿಗೂ ಹೊಸದಾಗಿ ತೋರುತ್ತದೆ.

ಶಿವರಾಮ ಕಾರಂತರು ಹಿಡಿದ ಹಾದಿ ಇದಕ್ಕೆ ತೀರ ಭಿನ್ನವಾದುದು. 1930ರ ದಶಕದಿಂದಲೇ ಗೀತನಾಟಕಗಳಲ್ಲಿ ಕೈಯಾಡಿಸಿದ್ದ ಅವರು, ತಮ್ಮ ಯಕ್ಷಗಾನ ಬ್ಯಾಲೆಗಳಲ್ಲಿ ಅರ್ಥಗಾರಿಕೆಯನ್ನೇ ಕೈಬಿಟ್ಟು, ಚೆಂಡೆ ಮದ್ದಳೆಗಳ ಜೊತೆಗೆ ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ಕೂಡಿಸಿ, ಪದ್ಯಗಳ ನಡುವಣ ದಾರಿಯನ್ನು ನರ್ತನದಿಂದಲೂ ಸ್ವರದಿಂದಲೂ ತುಂಬಿದರು. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಸರೆಯಲ್ಲಿ, ಕು.ಶಿ. ಹರಿದಾಸ ಭಟ್ಟರ ಶ್ರಮದಿಂದ 1971ರಲ್ಲಿ ಯಕ್ಷಗಾನ ಕೇಂದ್ರವು ಸ್ಥಾಪಿತವಾದ ಮೇಲೆ ಈ ಪ್ರಯೋಗಗಳಿಗೆ ನೆಲೆ ದೊರೆಯಿತು. ಮಾತನ್ನು ಕಳೆದುದು ಸರಿಯೆ ಎಂಬ ವಾದವಿನ್ನೂ ಮುಗಿದಿಲ್ಲ. ಪರಭಾಷೆಯ ಪ್ರೇಕ್ಷಕರಿಗೆ ಯಕ್ಷಗಾನದ ಬಾಗಿಲನ್ನು ತೆರೆದ ಸಾಹಸವದು ಎಂಬುದನ್ನು ಮಾತ್ರ ನಾನು ತುಂಬು ಗೌರವದಿಂದ ನೆನೆಯುತ್ತೇನೆ.

ಇದೇ ಕರಾವಳಿಯ ಮಂಚಿಯವರಾದ ಬಿ.ವಿ. ಕಾರಂತರು ‘ಸತ್ತವರ ನೆರಳು’ ನಾಟಕದಲ್ಲಿ ಪುರಂದರದಾಸರ ಪದಗಳನ್ನು ಮಠದ ಒಳಜಗಳದ ಕಥೆಯೊಡನೆ ಬೆಸೆದು, ಜನರ ನಾಲಗೆಯ ಮೇಲಿದ್ದ ಹಾಡಿಗೆ ಅನಿರೀಕ್ಷಿತವಾದ ಮೊನೆಯನ್ನು ಕೊಟ್ಟರು. ಆಧುನಿಕ ಸಂಪುಟವು ರಂಗವಾದುದಕ್ಕೆ ತೀರ ಹತ್ತಿರದ ನಿದರ್ಶನ ‘ಮೈಸೂರು ಮಲ್ಲಿಗೆ’. ಕೆ.ಎಸ್. ನರಸಿಂಹಸ್ವಾಮಿಯವರ ಈ 1942ರ ಕವನಸಂಕಲನವು ಸಿ. ಅಶ್ವತ್ಥರ ಧ್ವನಿಸುರುಳಿಯಿಂದ ಮನೆಮನೆಗೆ ತಲುಪಿತು. ಅದೇ ಕವನಗಳನ್ನು ಕವಿಯ ಬದುಕಿನೊಡನೆ ಹೆಣೆದು ರಾಜೇಂದ್ರ ಕಾರಂತರು ರಚಿಸಿದ ನಾಟಕವನ್ನು, ಬೆಂಗಳೂರಿನ ಕಲಾಗಂಗೋತ್ರಿಯು ಬಿ.ವಿ. ರಾಜಾರಾಂ ಅವರ ನಿರ್ದೇಶನದಲ್ಲಿ ಪ್ರಯೋಗಿಸಿತು. ಹೊರಗಿನ ಕಥೆಯನ್ನು ಹಾಡಿಗೆ ತೊಡಿಸದೆ ಕವಿಯ ಬಾಳನ್ನೇ ಸೂತ್ರವಾಗಿಸಿದುದು ಅದರ ವಿವೇಕ.

ಈ ಮಾರ್ಗಗಳಲ್ಲೆಲ್ಲ ರಾಕ್ ಸಂಪುಟಕ್ಕೆ ಹೆಚ್ಚು ಒಗ್ಗುವುದು ಅರ್ಥಗಾರಿಕೆಯ ಮಾರ್ಗವೇ ಎಂದು ನನ್ನ ನಂಬಿಕೆ. ಏಕೆಂದರೆ ಅಲ್ಲಿ ಹಾಡು ತನ್ನ ಗತ್ತನ್ನು ಕಳೆದುಕೊಳ್ಳಬೇಕಾಗಿಲ್ಲ, ಮಾತೂ ಹಾಡಿನ ಬಾಲವಾಗಬೇಕಾಗಿಲ್ಲ. ಮಣಿಪಾಲದ ವಿದ್ಯಾರ್ಥಿ ನಿಲಯಗಳಲ್ಲಿ ಗಿಟಾರ್ ಹಿಡಿದು ತಂಡ ಕಟ್ಟುವ ತರುಣ ತರುಣಿಯರಲ್ಲಿ ನನ್ನ ಬಿನ್ನಹವಿಷ್ಟೇ: ನಿಮ್ಮ ಹಾಡುಗಳಿಗೆ ನಾಟಕವನ್ನು ಬರೆಯಲು ಕುಳಿತುಕೊಳ್ಳುವ ಮುನ್ನ, ಕಾಪುವಿನಲ್ಲಿಯೋ ಕಾರ್ಕಳದಲ್ಲಿಯೋ ಮೇಳವು ಬಂದಾಗ ಬೆಳಗಾಗುವವರೆಗೆ ಆಟವನ್ನು ನೋಡಿ, ಪದ್ಯ ಮುಗಿದೊಡನೆ ವೇಷಧಾರಿಯು ಏನನ್ನು ಮಾಡುತ್ತಾನೆಂಬುದನ್ನು ಗಮನಿಸಿರಿ.