ಒಣ ಚರ್ಮಕ್ಕೆ ಫೌಂಡೇಶನ್, ಒಡೆದ ತುಟಿಗೆ ಆರೈಕೆ: ಕೊಳ್ಳುವ ಮುನ್ನ ಪರೀಕ್ಷಿಸುವುದು ಹೇಗೆ?

ಚಳಿಗಾಲ ಬಂತೆಂದರೆ ಸಾಕು, ಬೀದರ್, ಕಲಬುರಗಿ, ವಿಜಯಪುರದ ಕಡೆ ಕೈಕಾಲು ಬಿರಿಯುವುದು, ತುಟಿ ಒಡೆಯುವುದು ಮಾಮೂಲು. ಬೆಂಗಳೂರಿನಲ್ಲಾದರೋ ಇದಕ್ಕೆ ಚಳಿಗಾಲವೇ ಬರಬೇಕೆಂದಿಲ್ಲ. ದಿನಕ್ಕೆ ಎಂಟು ಹತ್ತು ಗಂಟೆ ಹವಾನಿಯಂತ್ರಿತ ಕಚೇರಿಯಲ್ಲಿ ಕೂರುವವರ ಚರ್ಮ ಬೇಸಿಗೆಯಲ್ಲೂ ಬಿಗಿದುಕೊಳ್ಳುತ್ತದೆ. ಇಂಥ ಮುಖಕ್ಕೆ ಹಚ್ಚಿದ ಫೌಂಡೇಶನ್ ಬೆಳಿಗ್ಗೆ ಚೆಂದವಾಗಿ ಕಂಡರೂ ಮಧ್ಯಾಹ್ನದ ಹೊತ್ತಿಗೆ ಮೂಗಿನ ಪಕ್ಕದಲ್ಲಿ, ಬಾಯಿಯ ಸುತ್ತ ಹಳೆಯ ಸುಣ್ಣದಂತೆ ಹಕ್ಕಳೆ ಏಳುತ್ತದೆ. ತುಟಿಯ ಬಣ್ಣ ಬಿರುಕುಗಳಲ್ಲಿ ಸೇರಿಕೊಂಡು ಒಡಕನ್ನೇ ಎತ್ತಿ ತೋರಿಸುತ್ತದೆ.

ತಪ್ಪು ಬಾಟಲಿ ಕೊಂಡರೆ ಹಣ ಹಾಳು, ಅಷ್ಟೇ ಎನ್ನುವಂತಿಲ್ಲ. ಚಿಕಿತ್ಸೆ ಬೇಕಾದ ಚರ್ಮರೋಗವನ್ನು ವರ್ಷಗಟ್ಟಲೆ ಬಣ್ಣದಡಿ ಮುಚ್ಚಿಟ್ಟುಕೊಂಡವರಿದ್ದಾರೆ. ಬೆಳ್ಳಗಾಗುವ ಆಸೆಗೆ ಹಚ್ಚಿದ ಕ್ರೀಮಿನಿಂದ ಮೂತ್ರಪಿಂಡವನ್ನೇ ಕೆಡಿಸಿಕೊಂಡವರೂ ಇದ್ದಾರೆ. ಆದ್ದರಿಂದ ಯಾವುದನ್ನು ಹಚ್ಚಬೇಕು, ಅದನ್ನು ಹೇಗೆ ಪರೀಕ್ಷಿಸಬೇಕು, ಎಲ್ಲಿ ನಿಲ್ಲಿಸಿ ವೈದ್ಯರನ್ನು ಕಾಣಬೇಕು ಎಂಬುದನ್ನು ತಿಳಿದಿರುವುದು ಒಳಿತು.

ಚರ್ಮ ಒಣಗುವುದೇಕೆ?

ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸುವುದು ವಾಡಿಕೆ. ಸತ್ತ ಜೀವಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವಿನ ಸೆರಮೈಡ್, ಕೊಲೆಸ್ಟರಾಲ್ ಹಾಗೂ ಕೊಬ್ಬಿನಾಮ್ಲಗಳು ಗಾರೆ. ಈ ಗಾರೆ ಕರಗಿದಾಗ ಒಳಗಿನ ನೀರು ಹೊರಗಿನ ಒಣಹವೆಗೆ ಆವಿಯಾಗಿ ಹೋಗುತ್ತದೆ. ಬಿಸಿನೀರಿನ ದೀರ್ಘ ಸ್ನಾನ, ಕಟುವಾದ ಸಾಬೂನು, ಹವಾನಿಯಂತ್ರಣ, ವಯಸ್ಸು ಇವೆಲ್ಲವೂ ಅದಕ್ಕೆ ಕಾರಣಗಳು. ಥೈರಾಯ್ಡ್ ಗ್ರಂಥಿಯ ಮಂದಗತಿ, ಮಧುಮೇಹ ಹಾಗೂ ಮೊಡವೆಗೆ ನೀಡುವ ಐಸೊಟ್ರೆಟಿನಾಯಿನ್ ಮಾತ್ರೆಯಿಂದಲೂ ಚರ್ಮ ಒಣಗುವುದುಂಟು.

ತುಟಿಯ ಕಥೆ ಇನ್ನೂ ಸೂಕ್ಷ್ಮ. ಅಲ್ಲಿನ ಹೊರಪದರ ಬಹಳ ತೆಳು. ಬೆವರಿನ ಗ್ರಂಥಿಗಳಿಲ್ಲ, ಜಿಡ್ಡು ಒದಗಿಸುವ ಗ್ರಂಥಿಗಳೂ ಸಾಮಾನ್ಯವಾಗಿ ಇರುವುದಿಲ್ಲ. ಒಣಗಿತೆಂದು ನಾಲಿಗೆಯಿಂದ ಸವರಿಕೊಂಡರೆ ಎಂಜಲು ಆರುವಾಗ ತುಟಿಯ ತೇವವನ್ನೂ ಕೊಂಡೊಯ್ಯುತ್ತದೆ. ಎಂಜಲಿನ ಜೀರ್ಣಕಾರಿ ಕಿಣ್ವಗಳು ತೆಳು ಚರ್ಮವನ್ನು ಕೆರಳಿಸುತ್ತವೆ. ಸವರಿದಷ್ಟೂ ಒಣಗುತ್ತದೆ, ಒಣಗಿದಷ್ಟೂ ಸವರಬೇಕೆನಿಸುತ್ತದೆ.

ಯಾವ ಫೌಂಡೇಶನ್?

ಇಂದಿನ ಫೌಂಡೇಶನ್ನಿನ ಪೂರ್ವಜರಲ್ಲಿ 1930ರ ದಶಕದ ಕೊನೆಯಲ್ಲಿ ಮ್ಯಾಕ್ಸ್ ಫ್ಯಾಕ್ಟರ್ ಸಂಸ್ಥೆ ಹಾಲಿವುಡ್‌ನ ವರ್ಣಚಿತ್ರಗಳಿಗಾಗಿ ರೂಪಿಸಿದ ‘ಪ್ಯಾನ್-ಕೇಕ್’ ಪ್ರಸಿದ್ಧವಾದುದು. ಕ್ಯಾಮೆರಾದ ದೀಪಗಳಡಿ ಮುಖ ಹೊಳೆಯದಂತೆ ನೋಡಿಕೊಳ್ಳುವುದು ಅದರ ಕೆಲಸವಾಗಿತ್ತು. ಒಣ ಚರ್ಮದವರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ ಗುಣ: ತೇವದ ಹೊಳಪು ಉಳಿಯಬೇಕು.

ಬಣ್ಣದ ಮಟ್ಟಿಗೆ ಎಲ್ಲ ಫೌಂಡೇಶನ್‌ಗಳೂ ಹೆಚ್ಚುಕಡಿಮೆ ಒಂದೇ. ಟೈಟಾನಿಯಂ ಡಯಾಕ್ಸೈಡ್ ಬಿಳುಪನ್ನೂ, ಕಬ್ಬಿಣದ ಆಕ್ಸೈಡ್‌ಗಳು ಕೆಂಪು, ಹಳದಿ, ಕಪ್ಪು ಛಾಯೆಗಳನ್ನೂ ಕೊಡುತ್ತವೆ. ವ್ಯತ್ಯಾಸವಿರುವುದು ಬಣ್ಣವನ್ನು ಹೊತ್ತು ತರುವ ದ್ರವ್ಯದಲ್ಲಿ.

* ಪೌಡರ್ ರೂಪ: ಟಾಲ್ಕ್‌ನಂಥ ಪುಡಿಗಳು ಇರುವ ಅಲ್ಪ ಜಿಡ್ಡನ್ನೂ ಹೀರಿ ಹಕ್ಕಳೆಗೆ ಅಂಟಿಕೊಳ್ಳುತ್ತವೆ. ಒಣ ಚರ್ಮಕ್ಕೆ ಹೊಂದುವುದಿಲ್ಲ.
* ಮ್ಯಾಟ್ ಅಥವಾ ದೀರ್ಘಕಾಲ ಉಳಿಯುವ ದ್ರವ: ಬೇಗ ಆರಿ ಬಿಗಿದುಕೊಳ್ಳುತ್ತದೆ. ಪಟ್ಟಿಯ ಆರಂಭದಲ್ಲೇ ಆಲ್ಕೋಹಾಲ್ ಡಿನ್ಯಾಟ್ ಎಂದಿದ್ದರೆ ಎಚ್ಚರ ಅಗತ್ಯ.
* ತೇವಭರಿತ ದ್ರವ: ಗ್ಲಿಸರಿನ್, ಹಯಲುರಾನಿಕ್ ಆಮ್ಲ, ಸ್ಕ್ವಾಲೇನ್ ಇರುವಂಥವು. ದಿನಬಳಕೆಗೆ ಇವು ಮೊದಲ ಆಯ್ಕೆ.
* ಕ್ರೀಮ್ ಅಥವಾ ಸ್ಟಿಕ್: ಎಣ್ಣೆ, ಮೇಣದ ಅಂಶ ಹೆಚ್ಚು, ಕಲೆಗಳನ್ನು ಚೆನ್ನಾಗಿ ಮುಚ್ಚುತ್ತದೆ. ಆದರೆ ದಪ್ಪಗೆ ಹಚ್ಚಿದರೆ ಗೆರೆಗಳಲ್ಲಿ ಕೂರುತ್ತದೆ.

ಸೂರ್ಯರಕ್ಷಣೆಯ ಅಂಶವಿರುವ ಫೌಂಡೇಶನ್ ಹಚ್ಚಿದೆವು, ಸನ್‌ಸ್ಕ್ರೀನ್ ಬೇಡ ಎಂಬ ನಂಬಿಕೆ ಸರಿಯಲ್ಲ. ಪ್ರಯೋಗಾಲಯದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ಲೇಪಿಸಿ ಆ ಅಂಕಿಯನ್ನು ಅಳೆಯುತ್ತಾರೆ. ಅಷ್ಟು ದಪ್ಪಗೆ ಫೌಂಡೇಶನ್ ಬಳಿದುಕೊಂಡು ಯಾರೂ ಮನೆಯಿಂದ ಹೊರಡುವುದಿಲ್ಲ.

ಛಾಯೆ ನೋಡುವುದು ಹೇಗೆ?

ಫೌಂಡೇಶನ್ ಚರ್ಮದ ಬಣ್ಣ ಬದಲಿಸುವ ಸಾಧನವಲ್ಲ, ಏರುಪೇರನ್ನು ಸಮಗೊಳಿಸುವ ಸಾಧನ. ಆದರೂ ನಮ್ಮ ಮಾರುಕಟ್ಟೆಯಲ್ಲಿ ಕೇಳದೆಯೇ ಒಂದೆರಡು ಛಾಯೆ ತಿಳಿಯಾದುದನ್ನು ಕೈಗಿಡುವ ರೂಢಿ ಇನ್ನೂ ಹೋಗಿಲ್ಲ. ಈ ವರದಿಗಾರ್ತಿ ಬೆಂಗಳೂರಿನ ಮಳಿಗೆಯೊಂದರಲ್ಲಿ ತನ್ನ ಬಣ್ಣಕ್ಕೆ ಹೊಂದುವುದನ್ನು ಕೇಳಿದಾಗ, ‘ಮೇಡಂ, ಇದು ಹಾಕಿ, ಸ್ವಲ್ಪ ಬ್ರೈಟ್ ಕಾಣ್ತೀರ’ ಎಂಬ ಉತ್ತರ ಸಿಕ್ಕಿತು. ಹಚ್ಚಿಕೊಂಡು ಬೀದಿಗೆ ಬಂದು ನೋಡಿದರೆ ಮುಖ ಬೂದಿ ಬಳಿದಂತಿತ್ತು, ಕತ್ತು ತನ್ನ ಬಣ್ಣದಲ್ಲೇ ಇತ್ತು. ಎರಡು ಛಾಯೆ ಗಾಢವಾದುದೇ ಕೊನೆಗೆ ಸರಿಹೊಂದಿತು.

ಗಾಢ ವರ್ಣದವರಿಗೆ ಆಯ್ಕೆಯೇ ಇಲ್ಲವೆಂಬ ದೂರು ಜಗತ್ತಿನಾದ್ಯಂತ ಇತ್ತು. 2017ರಲ್ಲಿ ಗಾಯಕಿ ರಿಹಾನಾ ಆರಂಭಿಸಿದ ಫೆಂಟಿ ಬ್ಯೂಟಿ 40 ಛಾಯೆಗಳೊಂದಿಗೆ ಬಂದ ಮೇಲೆ ಇತರ ಕಂಪನಿಗಳೂ ತಮ್ಮ ಪಟ್ಟಿ ವಿಸ್ತರಿಸತೊಡಗಿದವು. 2020ರಲ್ಲಿ ಹಿಂದೂಸ್ತಾನ್ ಯೂನಿಲಿವರ್ ತನ್ನ ‘ಫೇರ್ ಅಂಡ್ ಲವ್ಲಿ’ಯ ಹೆಸರಿನಿಂದ ‘ಫೇರ್’ ಪದವನ್ನು ಕೈಬಿಟ್ಟಿತು. ಹೆಸರು ಬದಲಾದಷ್ಟು ಬೇಗ ಅಭ್ಯಾಸ ಬದಲಾಗಿಲ್ಲ.

ಪರೀಕ್ಷೆಯ ಕ್ರಮ ಹೀಗಿರಲಿ:

1. ಕೈಯ ಹಿಂಬದಿಯ ಮೇಲಲ್ಲ, ದವಡೆಯಂಚಿನಲ್ಲಿ ಹಚ್ಚಿ ಕತ್ತಿನವರೆಗೆ ಎಳೆಯಿರಿ. ಗೆರೆ ಎಲ್ಲಿ ಮಾಯವಾಗುತ್ತದೋ ಅದೇ ನಿಮ್ಮ ಛಾಯೆ.
2. ಅಂಗಡಿಯ ದೀಪವನ್ನು ನಂಬದೆ ಹಗಲ ಬೆಳಕಿಗೆ ಬಂದು ನೋಡಿರಿ.
3. ಹತ್ತು ಹದಿನೈದು ನಿಮಿಷ ಕಾಯಿರಿ. ಕೆಲವು ಫೌಂಡೇಶನ್‌ಗಳು ಆರಿದ ಮೇಲೆ ಗಾಢವಾಗುತ್ತವೆ.
4. ಸಾಧ್ಯವಾದರೆ ಸಣ್ಣ ಮಾದರಿ ಪಡೆದು ಮುಖದ ಅರ್ಧಕ್ಕೆ ಒಂದು, ಇನ್ನರ್ಧಕ್ಕೆ ಮತ್ತೊಂದು ಹಚ್ಚಿ. ಒಂದೇ ದಿನ, ಒಂದೇ ಹವೆ ಇರುವುದರಿಂದ ಹೋಲಿಕೆ ನ್ಯಾಯವಾಗಿರುತ್ತದೆ. ಮಧ್ಯಾಹ್ನ ಮತ್ತು ಸಂಜೆ ಮೂಗಿನ ಪಕ್ಕ, ಹಣೆ, ಬಾಯಿಯ ಸುತ್ತ ನೋಡಿ.
5. ಹೊಸ ವಸ್ತುವನ್ನು ಮೊದಲು ಮೊಣಕೈಯ ಒಳಮಗ್ಗುಲಲ್ಲಿ ದಿನಕ್ಕೆರಡು ಬಾರಿ, ಏಳರಿಂದ ಹತ್ತು ದಿನ ಹಚ್ಚಿ ನೋಡಿ. ಕೆಂಪು, ತುರಿಕೆ ಕಂಡರೆ ಮುಖಕ್ಕೆ ಬೇಡ. ಮದುವೆಯ ಬೆಳಿಗ್ಗೆ ಹೊಸ ಬಾಟಲಿ ತೆರೆಯುವ ಸಾಹಸವಂತೂ ಬೇಡವೇ ಬೇಡ.

ಹಚ್ಚುವ ಮುನ್ನ ಮುಖವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪಸೆ ಇರುವಾಗಲೇ ಮಾಯಿಶ್ಚರೈಸರ್ ಸವರಿ, ಅದು ಇಂಗಲು ಐದಾರು ನಿಮಿಷ ಬಿಡಬೇಕು. ಬಳಿಕ ಒದ್ದೆ ಮಾಡಿ ಹಿಂಡಿದ ಸ್ಪಂಜಿನಿಂದ, ಉಜ್ಜದೆ ಒತ್ತಿ ಒತ್ತಿ, ತೆಳುವಾಗಿ ಹಚ್ಚಬೇಕು. ಉಜ್ಜಿದರೆ ಹಕ್ಕಳೆ ಏಳುತ್ತದೆ.

ತುಟಿಗೆ ಏನು?

ಸಿಹಿ ಪರಿಮಳ, ತಂಪಿನ ಅನುಭವ ಕೊಡುವ ಲಿಪ್ ಬಾಮ್‌ಗಳೇ ಎಷ್ಟೋ ಬಾರಿ ತೊಂದರೆಯ ಮೂಲ. ಮೆಂಥಾಲ್, ಕರ್ಪೂರ, ಫಿನಾಲ್, ಸ್ಯಾಲಿಸಿಲಿಕ್ ಆಮ್ಲ, ದಾಲ್ಚಿನ್ನಿ ಹಾಗೂ ಸುಗಂಧದ್ರವ್ಯಗಳು ಒಡೆದ ತುಟಿಯನ್ನು ಕೆರಳಿಸುತ್ತವೆ. ‘ಚುರುಗುಟ್ಟಿದರೆ ಔಷಧ ಕೆಲಸ ಮಾಡುತ್ತಿದೆ’ ಎಂಬ ತಿಳಿವಳಿಕೆ ತಪ್ಪು. ಚುರುಗುಟ್ಟುವುದು ತುಟಿಯ ದೂರು.

ವಾಸನೆ, ಬಣ್ಣಗಳಿಲ್ಲದ ಪೆಟ್ರೋಲಿಯಂ ಜೆಲ್ಲಿ ಅಗ್ಗ ಮತ್ತು ಪರಿಣಾಮಕಾರಿ. ರಾಬರ್ಟ್ ಚೀಸ್‌ಬ್ರೋ 1872ರಲ್ಲಿ ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಪಡೆದ ಈ ವಸ್ತು ತಾನೇ ತೇವ ನೀಡುವುದಿಲ್ಲ, ಇರುವ ತೇವ ಹೋಗದಂತೆ ತಡೆಯುತ್ತದೆ. ಆದ್ದರಿಂದ ತುಟಿ ತುಸು ಒದ್ದೆಯಿರುವಾಗ ಹಚ್ಚಿದರೆ ಪ್ರಯೋಜನ ಹೆಚ್ಚು. ಶಿಯಾ ಬೆಣ್ಣೆ, ಹರಳೆಣ್ಣೆ, ಸೆರಮೈಡ್ ಇರುವ ಬಾಮ್‌ಗಳೂ ಒಳ್ಳೆಯವು. ಹಗಲಿನಲ್ಲಿ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡಯಾಕ್ಸೈಡ್ ಇರುವ ಬಾಮ್ ಬಿಸಿಲಿನಿಂದ ರಕ್ಷಿಸುತ್ತದೆ.

ನಮ್ಮ ನಾಡಿನಲ್ಲೇ ಇದಕ್ಕೊಂದು ಹಳೆಯ ಮದ್ದಿದೆ. ಉತ್ತರ ಕನ್ನಡ ಮತ್ತು ಮಲೆನಾಡಿನ ಮನೆಗಳಲ್ಲಿ ಮುರುಗಲ ಬೀಜವನ್ನು ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲುವ ಕೊಬ್ಬನ್ನು ತೆಗೆದಿಡುತ್ತಾರೆ. ಇದೇ ಮುರುಗಲ ತುಪ್ಪ. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗಿರುವ ಇದು ಬೆರಳಿನಿಂದ ತಿಕ್ಕಿದರೆ ಕರಗಿ ತುಟಿಗೆ, ಒಡೆದ ಹಿಮ್ಮಡಿಗೆ ಅಂಟುತ್ತದೆ. ‘ಕೋಕಮ್ ಬಟರ್’ ಎಂಬ ಹೆಸರಿನಲ್ಲಿ ಇಂದು ದುಬಾರಿ ಡಬ್ಬಿಗಳಲ್ಲಿ ಮಾರಾಟವಾಗುತ್ತಿರುವುದೂ ಇದೇ. ಆದರೆ ನಿಂಬೆರಸ ಮತ್ತು ಸಕ್ಕರೆಯಿಂದ ತುಟಿ ಉಜ್ಜುವ ಮನೆಮದ್ದು ಒಡೆದ ತುಟಿಗೆ ಗಾಯವನ್ನಷ್ಟೇ ಕೊಡಬಲ್ಲದು.

ಲಿಪ್‌ಸ್ಟಿಕ್ ಬಳಸುವವರು ಮ್ಯಾಟ್ ಬಣ್ಣಗಳಿಗಿಂತ ಕ್ರೀಮ್ ರೂಪದವನ್ನು ಆರಿಸುವುದು ಒಳಿತು. ಹತ್ತು ನಿಮಿಷ ಮೊದಲು ಬಾಮ್ ಹಚ್ಚಿ, ಹೆಚ್ಚಾದುದನ್ನು ಒರೆಸಿ, ಬಳಿಕ ಬಣ್ಣ ಹಚ್ಚಬೇಕು. ಅಂಗಡಿಯಲ್ಲಿ ಹಲವರು ಬಳಸಿದ ಮಾದರಿ ಕಡ್ಡಿಯನ್ನು ನೇರವಾಗಿ ತುಟಿಗೆ ತಾಗಿಸಬಾರದು. ಸೋಂಕು ಹರಡುವ ಅಪಾಯವಿದೆ.

ಲೇಬಲ್ ಓದದೆ ಕೊಳ್ಳಬೇಡಿ

ಭಾರತದ 2020ರ ಪ್ರಸಾಧನ ಸಾಮಗ್ರಿ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇರಬೇಕು. ಆಮದಾದ ವಸ್ತುವಿನ ಮೇಲೆ ಆಮದುದಾರರ ವಿವರ ಹಾಗೂ ನೋಂದಣಿ ಸಂಖ್ಯೆ ಇರಬೇಕು. ಪಾದರಸವನ್ನು ಬೇಕೆಂದೇ ಸೇರಿಸುವಂತಿಲ್ಲ. ಕಣ್ಣಿನ ಪ್ರಸಾಧನಗಳನ್ನು ಬಿಟ್ಟು ಉಳಿದವುಗಳಲ್ಲಿ ಅರಿವಿಲ್ಲದೆ ಸೇರಿದ ಪ್ರಮಾಣವೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರಬಾರದು.

ಈ ನಿಯಮದ ಬೆಲೆ ಏನೆಂಬುದನ್ನು ನೆರೆಯ ಕೇರಳ ಕಂಡಿದೆ. 2023ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಅಪರೂಪದ ಕಾಯಿಲೆಯೊಂದಿಗೆ ಬಂದ ಹಲವರು ಬಿಳುಪಿನ ಕ್ರೀಮ್ ಬಳಸುತ್ತಿದ್ದುದು, ಅದರಲ್ಲಿ ಪಾದರಸವಿದ್ದುದು ಬೆಳಕಿಗೆ ಬಂತು. ವಿಳಾಸವಿಲ್ಲದ, ಕೆಲವೇ ದಿನಗಳಲ್ಲಿ ಬೆಳ್ಳಗಾಗಿಸುವ ಭರವಸೆ ಕೊಡುವ ಯಾವುದೇ ಡಬ್ಬಿಯನ್ನು ಮುಟ್ಟದಿರುವುದೇ ಕ್ಷೇಮ.

ವೈದ್ಯರನ್ನು ಕಾಣುವುದು ಯಾವಾಗ?

ಆರೈಕೆ ಮಾಡಿದರೂ ಎರಡು ಮೂರು ವಾರಗಳಲ್ಲಿ ತುಟಿ ಗುಣವಾಗದಿದ್ದರೆ ಚರ್ಮರೋಗ ತಜ್ಞರನ್ನು ಕಾಣಬೇಕು. ಬಾಯಿಯ ಮೂಲೆಗಳಷ್ಟೇ ಬಿರಿಯುತ್ತಿದ್ದರೆ ಶಿಲೀಂಧ್ರದ ಸೋಂಕು, ಕಬ್ಬಿಣಾಂಶ ಅಥವಾ ಬಿ ಜೀವಸತ್ವದ ಕೊರತೆ ಇರಬಹುದು. ಬಿಸಿಲಿನಲ್ಲಿ ದುಡಿಯುವವರ ಕೆಳತುಟಿ ಸದಾ ಒರಟಾಗಿ, ಬಿಳಿಯ ಮಚ್ಚೆಗಳಿದ್ದರೆ ಅದನ್ನು ಕಡೆಗಣಿಸುವಂತಿಲ್ಲ. ಮುಂದೆ ಅದು ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ ಇದೆ. ಮುಖದಲ್ಲಿ ತುರಿಕೆ, ಕೆಂಪು, ರಸ ಒಸರುವ ಜಾಗಗಳಿದ್ದರೆ ಎಲ್ಲ ಪ್ರಸಾಧನಗಳನ್ನೂ ನಿಲ್ಲಿಸಿ, ಬಳಸುತ್ತಿದ್ದ ಡಬ್ಬಿಗಳನ್ನೇ ಜೊತೆಗೆ ಕೊಂಡೊಯ್ದು ವೈದ್ಯರಿಗೆ ತೋರಿಸಬೇಕು. ತಜ್ಞರ ಬಳಿಗೆ ಹೋಗುವ ದಿನ ಮುಖಕ್ಕೆ ಏನನ್ನೂ ಹಚ್ಚಿಕೊಳ್ಳದಿರುವುದು ಮುಖ್ಯ. ಮುಚ್ಚಿದ್ದನ್ನು ಅವರೂ ಕಾಣಲಾರರು.