ಅಟ್ಟದ ಮೇಲಿನ ನಾವಿಕ

ಇಂಗ್ಲೆಂಡಿನ ವಿಟ್ಬಿ ಬಂದರಿನ ಓಣಿಯೊಂದರಲ್ಲಿ, ಹಡಗಿನ ಒಡೆಯ ಜಾನ್ ವಾಕರ್‌ನ ಹಳೆಯ ಮನೆಯೇ ಇಂದು ಕ್ಯಾಪ್ಟನ್ ಜೇಮ್ಸ್ ಕುಕ್‌ನ ಪುಟ್ಟ ವಸ್ತುಸಂಗ್ರಹಾಲಯ. ನೀವು ಹೋದರೆ ಅಟ್ಟವನ್ನು ತಪ್ಪದೇ ಹತ್ತಿ. 1746ರಲ್ಲಿ ಕೆಲಸ ಕಲಿಯಲು ಬಂದ ಹುಡುಗ ಕುಕ್ ತಂಗಿದ್ದುದು ಅಲ್ಲಿ. ಕಲಿತದ್ದು ಕಲ್ಲಿದ್ದಲು ಸಾಗಿಸುವ ಹಡಗುಗಳಲ್ಲಿ.

1768ರಲ್ಲಿ, ಸೂರ್ಯಬಿಂಬವನ್ನು ಶುಕ್ರ ಹಾಯುವುದನ್ನು ವೀಕ್ಷಿಸಲು ಟಹೀಟಿಗೆ ಹೊರಟಾಗಲೂ ಅವನಿಗೆ ದೊರೆತ 'ಎಂಡೆವರ್' ವಿಟ್ಬಿಯಲ್ಲೇ ಕಟ್ಟಿದ ಕಲ್ಲಿದ್ದಲ ಹಡಗು! ವೇಗವಿಲ್ಲ, ಅಂದವೂ ಇಲ್ಲ. ಆದರೆ ತಳ ಚಪ್ಪಟೆ. 1770ರ ಜೂನ್‌ನಲ್ಲಿ ಆಸ್ಟ್ರೇಲಿಯದ ಹವಳದ ದಿಬ್ಬಕ್ಕೆ ಬಡಿದು ತೂತಾದಾಗ, ನದಿಯ ದಡಕ್ಕೆಳೆದು ದುರಸ್ತಿ ಮಾಡಲು ಅದೇ ನೆರವಾಯಿತು.

ಆ ತೀರವನ್ನು ಕುಕ್ 'ಕಂಡುಹಿಡಿದ' ಎಂದು ನೀವು ಓದಿರಬಹುದು. ಅಲ್ಲಿ ಸಾವಿರಾರು ವರ್ಷಗಳಿಂದ ಜನರಿದ್ದರು. ಆರು ವಾರ ಮುಂಚೆ ಬಾಟನಿ ಕೊಲ್ಲಿಯಲ್ಲಿ ಇಳಿಯುವಾಗ, ತಡೆದು ನಿಂತ ಇಬ್ಬರತ್ತ ಕುಕ್ ಗುಂಡು ಹಾರಿಸಿದ. ಇದನ್ನು ಅವನೇ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.