‘ಮಾರಿಸ್’ ಕಾದಂಬರಿಯ ಅಜ್ಞಾತವಾಸ

ಭಾರತವನ್ನು ಕುರಿತ ಕಾದಂಬರಿಯಿಂದ ನಮ್ಮಲ್ಲಿ ಸುಪರಿಚಿತರಾದ ಇ. ಎಂ. ಫಾರ್ಸ್ಟರರು, 1913ರಲ್ಲಿ ಮಿಲ್‌ಥಾರ್ಪಿನಲ್ಲಿದ್ದ ಲೇಖಕ ಎಡ್ವರ್ಡ್ ಕಾರ್ಪೆಂಟರರ ಮನೆಗೆ ಹೋಗಿದ್ದಾಗ ಮನಸ್ಸಿನಲ್ಲಿ ಅಂಕುರಿಸಿದ ‘ಮಾರಿಸ್’ ಎಂಬ ಪುರುಷಪ್ರಣಯದ ಕಥೆಯನ್ನು ಮರುವರ್ಷವೇ ಬರೆದು ಮುಗಿಸಿದರಾದರೂ, ಅದನ್ನು ಅಚ್ಚಿಗೆ ಕೊಡಲೊಲ್ಲದೆ ಹೋದರು. ಪುರುಷರ ನಡುವಣ ಅಂಥ ಸಂಬಂಧವನ್ನು ಇಂಗ್ಲೆಂಡಿನ 1885ರ ಶಾಸನವು ಅಪರಾಧವೆಂದು ಸಾರಿತ್ತು; ಅದರಡಿಯಲ್ಲೇ 1895ರಲ್ಲಿ ಸಾಹಿತಿ ಆಸ್ಕರ್ ವೈಲ್ಡರು ಎರಡು ವರ್ಷಗಳ ಕಠಿಣ ಸಜೆಗೆ ಗುರಿಯಾಗಿದ್ದರು. ಕಥಾನಾಯಕರಿಗೆ ದುರ್ಮರಣವೊದಗಿದ್ದರೆ ಸಮಾಜವು ಕೃತಿಯನ್ನು ಕ್ಷಮಿಸುತ್ತಿತ್ತೇನೋ. ಲೇಖಕರಾದರೋ ಸುಖಾಂತವನ್ನೇ ಪಟ್ಟುಹಿಡಿದರು. ಹಸ್ತಪ್ರತಿಯು ಆಪ್ತಮಿತ್ರರ ಕೈಯಿಂದ ಕೈಗೆ ಗುಟ್ಟಾಗಿ ಸಂಚರಿಸುತ್ತ, ದಶಕಗಳುದ್ದಕ್ಕೂ ತಿದ್ದುಪಡಿಗೆ ಒಳಗಾಯಿತು. ಮೊದಲು ಬರೆದ ಉಪಸಂಹಾರದಲ್ಲಿ, ಕೆಲವು ವರ್ಷಗಳ ತರುವಾಯ ನಾಯಕ ಮಾರಿಸನ ತಂಗಿ ಕಿಟ್ಟಿಯು, ಕಾಡಿನಲ್ಲಿ ಮರ ಕಡಿದು ಬಾಳುತ್ತಿದ್ದ ಆ ಪ್ರಣಯಿಗಳಿಬ್ಬರನ್ನು ಸಂಧಿಸುತ್ತಾಳೆ. ಅದು ಓದಿದವರಾರಿಗೂ ಹಿಡಿಸದ ಕಾರಣ ಕೈಬಿಟ್ಟರು. ಸರಿಯಾಗಿಯೇ ಮಾಡಿದರೆಂದು ನನ್ನ ಅಭಿಪ್ರಾಯ. ಇಂಗ್ಲೆಂಡಿನ ಶಾಸನವು 1967ರಲ್ಲಿ ಸಡಿಲಗೊಂಡ ಮೇಲೂ ವೃದ್ಧ ಫಾರ್ಸ್ಟರರು ಕಾದಂಬರಿಯನ್ನು ಪ್ರಕಟಿಸಲಿಲ್ಲ. 1970ರಲ್ಲಿ ಅವರು ತೀರಿಕೊಂಡರು. ಮರುವರ್ಷ ಗ್ರಂಥವು ಬೆಳಕು ಕಂಡಿತು. ಅಮೆರಿಕದ ಮುದ್ರಣದಿಂದ ತಮಗೆ ಬಂದ ಗೌರವಧನವನ್ನು ಮಿತ್ರ ಕ್ರಿಸ್ಟೋಫರ್ ಇಷರ್‌ವುಡ್ಡರು ತಾವಿಟ್ಟುಕೊಳ್ಳದೆ, ಫಾರ್ಸ್ಟರರ ಹೆಸರಿನಲ್ಲಿ ಲೇಖಕರಿಗೆ ನೀಡುವ ಪ್ರಶಸ್ತಿಯೊಂದಕ್ಕೆ ಮೀಸಲಿಟ್ಟರು.